ಕರಿಮುಳ್ಳಿನವರ ಸಮಾಧಿಯಲ್ಲಿ ಒಂದು ಜಾಗ

ಹುಟ್ಟಿಸುವವನೂ ಕರೆದುಕೊಳ್ಳುವವನೂ ಒಬ್ಬನೇ ಆದ ದೇವರಿಗೆ ಸ್ತೋತ್ರ. ಅವನ ಕಂದನನ್ನು ಮಡಿಲಲ್ಲಿಟ್ಟು ಸಾಕಿದ ಮರಿಯಮ್ಮನವರಿಗೆ ಸ್ತೋತ್ರ. ಈ ಮರಳಿನ ಕೆಳಗೆ ಮಲಗಿರುವ ನಮ್ಮವರಿಗೆಲ್ಲ ನಿತ್ಯ ವಿಶ್ರಾಂತಿ ದೊರೆಯಲಿ... ಹಾಂ, ಆಯಿತು. ಇನ್ನು ಮಾತಾಡಬಹುದು. ಸಮಾಧಿಗಳ ನಡುವೆ ದೇವರ ಹೆಸರು ತೆಗೆಯದೆ ಬಾಯಿ ಬಿಡಬಾರದು ಅಂತ ನಮ್ಮಮ್ಮ ಕಲಿಸಿದ್ದು, ಅದಕ್ಕೆ ನಿಮ್ಮನ್ನು ಕಾಯಿಸಿದೆ. ಈಗ ಹೇಳಿ, ಗೇಟಿನ ಹತ್ತಿರ ಏನೋ ಕೇಳಿದಿರಲ್ಲ? ಥಾರ್ನ್‌ಟನ್ ಮನೆತನದವರ ಸಮಾಧಿ ಯಾವುದು ಅಂತ?

ಅಯ್ಯೋ ದೇವರೇ. ಕಡಲ ದಡದಲ್ಲಿ ನಿಂತು ಉಪ್ಪು ಎಲ್ಲಿದೆ ಅಂತ ಕೇಳಿದ ಹಾಗಾಯಿತು.

ಮೊದಲು ಕೂತುಕೊಳ್ಳಿ. ಅಲ್ಲಿ ಬೇಡ. ಇಲ್ಲಿ, ಈ ಗೋಡೆಯ ಮೇಲೆ, ಕಡಲಿಗೆ ಮುಖ ಮಾಡಿ. ಹಾಗೆ ಕೂತರೆ ಗಾಳಿ ಹೊಡೆಯುವುದಿಲ್ಲ... ಹೌದು, ಗಾಳಿ ಕಡಲಿನಿಂದಲೇ ಬರ್ತಾ ಇದೆ, ಗೊತ್ತು. ಆದರೂ ಆ ಕಡೆಗೇ ಮುಖ ಮಾಡಿ. ನೋಡಲಿಕ್ಕೆ ಚೆಂದ ಇದೆ. ಜನರನ್ನು ನೋಡಿ ಏನು ಮಾಡ್ತೀರಿ, ಜನ ಎಲ್ಲ ಕಡೆಯೂ ಇದ್ದಾರೆ.

ಯಾಕೆ ನಗ್ತೀರಿ?

ನಗಬಾರದು ಅಂತಲ್ಲ. ನಗು ದೇವರು ಕೊಟ್ಟದ್ದು. ಆದರೆ ಹಾಗೆ ಬಾಯಿ ಮುಚ್ಚಿ, ಸದ್ದೇ ಇಲ್ಲದೆ, ಬರೀ ಭುಜ ಕುಣಿಸಿ ನಗಬೇಡಿ. ಈ ದಡದಲ್ಲಿ ಯಾರೂ ಹಾಗೆ ನಗುವುದಿಲ್ಲ. ಈಗ ನಗುವುದಿಲ್ಲ. ಮೊದಲು ಒಬ್ಬರು ನಗ್ತಿದ್ದರು, ತೀರಿಕೊಂಡರು. ಅಗೋ, ಕೋಲ್ಮನ್ ಮುಲ್ಕೆರಿನ್ ಕತ್ತು ಉದ್ದ ಮಾಡಿ ಈ ಕಡೆಗೇ ನೋಡ್ತಾ ಇದ್ದಾನೆ. ಸ್ಮಶಾನ ಸಮಿತಿಯ ಯಜಮಾನ ಅವನು. ತನ್ನಪ್ಪನ ಕಲ್ಲಿನ ಪಾಚಿ ಕೆರೆಯುವ ಹಾಗೆ ಕಾಣ್ತಾನೆ, ಆದರೆ ಬಲಿಪೂಜೆ ಮುಗಿದಾಗಿನಿಂದ ಒಂದೇ ಅಕ್ಷರ ಕೆರೀತಾ ಇದ್ದಾನೆ. ಏನು ಕೋಲ್ಮನ್, ದೇವರು ಒಳ್ಳೆ ಬಿಸಿಲು ಕೊಟ್ಟಿದ್ದಾನೆ... ಇವರಾ? ಯಾರೋ ಪ್ರವಾಸಿ, ಬಾಸ್ಟನ್‌ನಿಂದ ಬಂದಿದ್ದಾರಂತೆ. ದಣಿವಾಯಿತು ಅಂತ ಕೂತಿದ್ದಾರೆ. ನೀನು ನಿನ್ನ ಕೆಲಸ ನೋಡು.

ಸುಳ್ಳೇನೂ ಹೇಳಲಿಲ್ಲ ತಾನೆ ನಾನು? ಬಾಸ್ಟನ್‌ನಿಂದ ಬಂದವರು ಪ್ರವಾಸಿಯೇ. ದಣಿವೂ ಆಗಿರ್ತದೆ. ಈವತ್ತು ನನಗೆ ಸುಳ್ಳು ಹೇಳಲಿಕ್ಕೆ ಸಾಧ್ಯವೂ ಇಲ್ಲ. ನಿನ್ನೆ ಸಂಜೆ ಪಾಪನಿವೇದನೆ ಮಾಡಿಕೊಂಡು ಬಂದಿದ್ದೇನೆ, ಈಗ ತಾನೆ ಪರಮಪ್ರಸಾದ ತೆಗೆದುಕೊಂಡ ನಾಲಿಗೆ ಇದು. ಆತ್ಮ ಒಗೆದು ಒಣಹಾಕಿದ ಬಿಳಿ ಬಟ್ಟೆಯ ಹಾಗಿದೆ. ಇಷ್ಟು ಬೇಗ ಕೊಳೆ ಮಾಡಿಕೊಂಡರೆ ಫಾದರ್ ಲಾಲಿ ಏನೆಂದುಕೊಂಡಾರು? ಅದಕ್ಕೆ ನಾನು ಹೇಳುವುದೆಲ್ಲ ನಿಜ. ಒಂದೊಂದು ಮಾತೂ ತೂಗಿ ನೋಡಿಯೇ ಹೇಳ್ತೇನೆ.

ನೀವು ಬೇರೆ ದಿನ ಬರಬೇಕಿತ್ತು ನೋಡಿ. ಈವತ್ತು ಸಮಾಧಿ ಭಾನುವಾರ. ವರ್ಷಕ್ಕೊಂದು ಸಲ ಆ ಟ್ರ್ಯಾಕ್ಟರ್ ಗಾಡಿಯ ಮೇಲೆ ಪೀಠ ಇಟ್ಟು ಇಲ್ಲೇ ಬಲಿಪೂಜೆ ಆಗ್ತದೆ. ಫಾದರ್ ಈಗ ಗಾಡಿಯ ಹಿಂದೆ ನಿಂತು ಚಹಾ ಕುಡೀತಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ತೀರ್ಥದ ಬಟ್ಟಲು ಹಿಡಿದುಕೊಂಡು ಒಂದೊಂದೇ ಸಮಾಧಿಗೆ ಬರ್ತಾರೆ. ಅಷ್ಟರೊಳಗೆ ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಸಮಾಧಿಯ ಪಕ್ಕ ಹೋಗಿ ನಿಂತಿರಬೇಕು. ಇಂಗ್ಲೆಂಡಿಗೆ ಹೋದವರೂ ಈ ದಿನಕ್ಕೆ ಅಂತ ಹಡಗು ಹತ್ತಿ ಬರ್ತಾರೆ. ಯಾರು ಎಲ್ಲಿ ನಿಂತರು ಅಂತ ನೋಡಿದರೆ ಸಾಕು, ಯಾರು ಯಾರ ಮನೆಯವರು ಅಂತ ತಿಳೀತದೆ. ಹೆಸರು ಯಾರೂ ಕೇಳುವುದಿಲ್ಲ. ಇಲ್ಲಿ ಯಾರೂ ಇಲ್ಲದವರು ಗೋಡೆಯ ಹತ್ತಿರ ನಿಲ್ತಾರೆ. ಅವರಿಗೂ ಫಾದರ್ ದೂರದಿಂದ ಒಂದೆರಡು ಹನಿ ಎಸೀತಾರೆ, ಮರೆಯುವುದಿಲ್ಲ. ಅದಕ್ಕೇ ನಿಮಗೆ ಗೋಡೆ ತೋರಿಸಿದ್ದು.

ಚಹಾ ತೆಗೆದುಕೊಳ್ಳಿ. ಒಣದ್ರಾಕ್ಷಿ ರೊಟ್ಟಿ ಇದೆ, ನಾನೇ ಸುಟ್ಟದ್ದು. ಆ ನೀಲಿ ಚೀಲ ಕೆಳಗಿಡಿ, ಮರಳು ಒಣಗಿದೆ... ಬೇಡವಾ? ಸರಿ, ಮಡಿಲಲ್ಲೇ ಇಟ್ಟುಕೊಳ್ಳಿ.

ಗೋಡೆಯ ಪಕ್ಕದ ಇದಾ? ಇದು ನಮ್ಮ ಸಮಾಧಿ. ನಾನು ಸಬೀನಾ. ಕೆಳಗೆ ಅಜ್ಜ, ಅಜ್ಜಿ, ಅಪ್ಪ, ಅಮ್ಮ ಇದ್ದಾರೆ. ಮೇಲೆ ಹಾಸಿದ ಬಿಳಿ ಕಲ್ಲುಗಳನ್ನು ಕಡಲಿನಿಂದ ನಾನೇ ಹೊತ್ತು ತಂದು, ಸೋಪು ಹಾಕಿ ತೊಳೆದು ಹಾಸಿದೆ. ಚೆಂದ ಇದೆ ಅಂತೀರಾ? ದೇವರು ನಿಮಗೆ ಒಳ್ಳೆಯದು ಮಾಡಲಿ. ಮದುವೆ ಆಗಲಿಲ್ಲ ನಾನು. ಅಪ್ಪನನ್ನು ನೋಡಿಕೊಂಡೆ, ಅಮ್ಮನನ್ನು ನೋಡಿಕೊಂಡೆ, ಚರ್ಚಿನ ಪೀಠದ ಬಟ್ಟೆ ಒಗೆದೆ, ಇಸ್ತ್ರಿ ಮಾಡಿದೆ, ಅದರಲ್ಲೇ ಆಯುಸ್ಸು ಮುಗೀತಾ ಬಂತು. ನನ್ನದು ಅಂತ ಇರುವುದು ಇದೊಂದೇ. ಈ ಸಮಾಧಿಯಲ್ಲಿ ಇನ್ನು ಒಬ್ಬರಿಗೆ ಜಾಗ ಇದೆ, ಒಬ್ಬರಿಗೆ ಮಾತ್ರ. ಅಮ್ಮನ ಎಡಗಡೆ. ಅದು ನನ್ನ ಜಾಗ.

ಇಲ್ಲದಿದ್ದರೆ ಎಲ್ಲಿಗೆ ಅಂತೀರಾ? ಮೇಲೆ, ರಸ್ತೆಯ ಆಚೆ, ಹೊಸ ಸ್ಮಶಾನಕ್ಕೆ. ಈ ಹಳೆಯದರಲ್ಲಿ ಹೊಸ ಗುಂಡಿ ತೋಡುವ ಹಾಗಿಲ್ಲ. ಅಲ್ಲಿ ಹೋಗಿ ನೋಡಿದಿರಾ? ಎಲ್ಲ ಸಾಲಾಗಿ, ಬಸ್ಸಿನಲ್ಲಿ ಕೂತ ಹಾಗೆ. ತೀರಿಕೊಂಡ ಕ್ರಮದಲ್ಲೇ ಮಲಗಿಸ್ತಾರೆ, ಸಂಬಂಧ ಇಲ್ಲ ಗಿಂಬಂಧ ಇಲ್ಲ. ಈಗಿನ ಸಾಲಿನಲ್ಲಿ ಕೊನೆಗೆ ಮಲಗಿದ್ದು ರಾಸ್‌ಕಾಮನ್‌ನಿಂದ ವರ್ಗವಾಗಿ ಬಂದ ಪೊಲೀಸಿನವನು. ಒಳ್ಳೆಯವನೇ, ದೇವರು ಅವನಿಗೆ ಶಾಂತಿ ಕೊಡಲಿ. ಆದರೆ ಸತ್ತವರೆಲ್ಲ ಏಳುವ ಕೊನೆಯ ದಿನ ಕಹಳೆ ಊದಿದಾಗ ಎದ್ದು ಕೂತು, ಪಕ್ಕಕ್ಕೆ ತಿರುಗಿ, ಅಯ್ಯೋ ಇವನ್ಯಾರಪ್ಪಾ ಅಂತ ಕೇಳುವ ಹಾಗಾಗಬೇಕಾ? ದೇವರ ಎದುರಿಗೆ ಹೋಗುವಾಗ ಒಬ್ಬರಾದರೂ ನಮ್ಮವರು ಜೊತೆಯಲ್ಲಿರಬೇಕು. ನಾನು ಬಹಳ ಕೇಳುವವಳಲ್ಲ. ಅಮ್ಮನ ಎಡಗಡೆ, ಅಷ್ಟೇ.

ಆ ಚೀಲದಲ್ಲಿ ಏನಿದೆ, ಅಷ್ಟು ಜೋಪಾನ?

ಯಾರು?

ನಿಮ್ಮ ತಂದೆಯವರಾ? ಚೀಲದಲ್ಲಾ?

ಪಿತನ, ಸುತನ, ಪವಿತ್ರಾತ್ಮರ... ಕ್ಷಮಿಸಿ. ನಿಮ್ಮ ತಂದೆಯವರು ಮೊಣಕಾಲ ಮೇಲೆ ಕೂತಿರುವಾಗ ನಾನು ರೊಟ್ಟಿ ಬೇಕಾ ಅಂತ ಕೇಳ್ತಾ ಇದ್ದೆ. ಸುಟ್ಟುಬಿಟ್ಟಿರಾ ಅವರನ್ನು? ಅಲ್ಲಿ ಹಾಗೆ ಮಾಡ್ತಾರೆ ಅಂತ ಕೇಳಿದ್ದೇನೆ. ಪೋಪರು ಅದಕ್ಕೆ ಒಪ್ಪಿದ್ದಾರೆ ಅಂತ ಫಾದರ್ ಹೇಳಿದರು. ಪೋಪರು ಒಪ್ಪಿದ ಮೇಲೆ ಸಬೀನಾ ಒಪ್ಪದಿರಲಿಕ್ಕೆ ಆಗ್ತದಾ? ಒಪ್ಪಿದ್ದೇನೆ. ಆದರೂ ಸ್ವಲ್ಪ ದೂರ ಸರೀತೇನೆ, ತಪ್ಪು ತಿಳಿಯಬೇಡಿ.

ಹೆಸರೇನಂದಿರಿ?

ಫೆಸ್ಟಸ್...

ಇಲ್ಲ, ನನಗೇನೂ ಆಗಿಲ್ಲ. ಬಿಸಿಲು. ಫೆಸ್ಟಸ್ ಥಾರ್ನ್‌ಟನ್. ಒಳ್ಳೆಯ ಹೆಸರು, ಸಂತರ ಹೆಸರು. ತಮ್ಮವರ ಜೊತೆ ಮಲಗಿಸು ಅಂತ ಹೇಳಿ ಕಣ್ಣು ಮುಚ್ಚಿದರಾ? ಯಾವ ಊರು ಅಂತ ಹೇಳಲಿಲ್ಲವಾ? ಗಾಲ್ವೇ ಜಿಲ್ಲೆ, ಕಡಲ ಪಕ್ಕ, ಇಷ್ಟೇನಾ? ಅಷ್ಟು ಹಿಡಿದುಕೊಂಡು ಒಂದು ವಾರದಿಂದ ಸ್ಮಶಾನದಿಂದ ಸ್ಮಶಾನಕ್ಕೆ... ಪಾಪ. ಎಲ್ಲರೂ ನಿಮ್ಮನ್ನು ಮುಂದಿನ ಊರಿಗೆ ಕಳಿಸಿರ್ತಾರೆ. ನಮ್ಮ ಜನ ಹಾಗೇ. ಗೊತ್ತಿಲ್ಲ ಅಂತ ಹೇಳಿದರೆ ಬಂದವರಿಗೆ ಅವಮಾನ ಮಾಡಿದ ಹಾಗೆ ಅಂತ ತಿಳೀತಾರೆ.

ಒಂದು ಮಾತು ಹೇಳ್ತೇನೆ. ನಿಮಗೆ ಅಂತಲ್ಲ, ಸುಮ್ಮನೆ. ಈ ಸ್ಮಶಾನದಲ್ಲಿ ಒಂದು ನಿಯಮ ಇದೆ. ಕೊನೆಯ ಜಾಗ ತುಂಬಿದ ದಿನವೇ ಸಮಿತಿಯವರು ಸಮಾಧಿಯ ಮೇಲೆ ಕಾಂಕ್ರೀಟು ಹಾಸಿ ಮುಚ್ಚಿಬಿಡ್ತಾರೆ, ಆಮೇಲೆ ತೆರೆಯುವ ಮಾತಿಲ್ಲ. ಪೆಟ್ಟಿಗೆ ದೊಡ್ಡದಿರಲಿ ಚಿಕ್ಕದಿರಲಿ, ಒಂದು ಹೆಸರಿಗೆ ಒಂದು ಜಾಗ. ಈ ಕೋಲ್ಮನ್‌ನ ಅಣ್ಣ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ತೀರಿಕೊಂಡು, ಚಹಾಪುಡಿ ಡಬ್ಬಿಯಷ್ಟು ದೊಡ್ಡ ಡಬ್ಬಿಯಲ್ಲಿ ಬಂದ. ಮುಲ್ಕೆರಿನ್‌ರ ಕೊನೆಯ ಜಾಗ ಅದೇ. ಇಷ್ಟೇ ಇಷ್ಟು ಡಬ್ಬಿ, ಅದರ ಮೇಲೆ ಕಾಂಕ್ರೀಟು. ಈಗ ಕೋಲ್ಮನ್ ಸತ್ತರೆ ಮೇಲಿನ ಸ್ಮಶಾನಕ್ಕೇ. ಆ ನಿಯಮ ಮಾಡಿದವನೂ ಅವನೇ, ಹಾಗಾಗಿ ಯಾರಿಗೂ ಒಂದು ಅಂಗುಲ ಬಿಡುವುದಿಲ್ಲ.

ಸುಮ್ಮನೆ ಹೇಳಿದೆ.

ಇನ್ನು ನಿಮ್ಮ ಹೆಸರಿನ ವಿಷಯ. ಕಲ್ಲು ಓದಲಿಕ್ಕೆ ಪ್ರಯತ್ನ ಮಾಡ್ತಿದ್ದೀರಾ? ನಮ್ಮ ಐರಿಷ್ ಬರವಣಿಗೆ ನಿಮಗೆ ಬಾರದು, ಪಾಚಿಯೂ ಇದೆ. ನಾನೇ ಓದಿ ಹೇಳ್ತೇನೆ. ಓ ಡ್ರೈನಾನ್ ಅಂತ ಇದೆ. ಥಾರ್ನ್‌ಟನ್ ಅಂತ ಎಲ್ಲಾದರೂ ಇದೆಯಾ? ಬೆರಳಿಟ್ಟು ತೋರಿಸಿ. ಇಲ್ಲ ತಾನೆ? ಇದ್ದರೆ ನಾನು ಮುಚ್ಚಿಡ್ತಿದ್ದೆನಾ?

ಥಾರ್ನ್‌ಟನ್ ಅನ್ನುವುದು ನಮ್ಮ ಹೆಸರೇ ಅಲ್ಲ, ಆಂಗ್ಲರ ಹೆಸರು. ನಮ್ಮವರಿಗೆ ಹೇಗೆ ಅಂಟಿತು ಅಂತ ಕೇಳಿ. ಹಿಂದೆ ಗೇಣಿ ವಸೂಲಿಗೆ ಭೂಮಾಲೀಕನ ಗುಮಾಸ್ತ ಬರ್ತಿದ್ದ. ಅವನಿಗೆ ನಮ್ಮ ಮಾತು ಬಾರದು, ನಮ್ಮವರಿಗೆ ಅವನ ಮಾತು ಬಾರದು. ಗೋರ್ಟ್ ಕಡೆ ಸ್ಕೀಹನ್ ಅಂತ ಒಂದು ಮನೆತನ ಇದೆ, ದೊಡ್ಡ ಮನೆತನ. ಆ ಹೆಸರಿನೊಳಗೆ ಬಿಳಿಮುಳ್ಳಿನ ಗಿಡ ಇದೆ. ಕಡಿದರೆ ಕೇಡು ಅಂತ ಬಿಳಿಮುಳ್ಳಿಗೆ ನಮ್ಮಲ್ಲಿ ಯಾರೂ ಕೊಡಲಿ ಹಾಕುವುದಿಲ್ಲ, ಗುಮಾಸ್ತ ಮಾತ್ರ ಹಾಕಿದ. ಯಾರೋ ಹೆಸರಿನ ಅರ್ಥ ಬಿಡಿಸಿ ಹೇಳಿದರು; ಮುಳ್ಳಾ, ಸರಿ, ಅವನ ಮಾತಿನಲ್ಲಿ ಥಾರ್ನ್, ಥಾರ್ನ್‌ಟನ್ ಅಂತ ಬರೆದುಕೊಂಡು ಮುಂದೆ ಹೋದ. ಒಬ್ಬ ಅಣ್ಣ ಸ್ಕೀಹನ್ ಆಗಿಯೇ ಉಳಿದ, ಒಬ್ಬ ತಮ್ಮ ಥಾರ್ನ್‌ಟನ್ ಆದ. ಒಂದೇ ತಾಯಿಯ ಹಾಲು ಕುಡಿದವರು! ಅದಕ್ಕೆ ನನ್ನ ಮಾತು ಕೇಳಿ, ಗೋರ್ಟಿಗೆ ಹೋಗಿ. ಗಾಲ್ವೇ ಪಟ್ಟಣ ದಾಟಿ ಆ ಕಡೆ. ಥಾರ್ನ್‌ಟನ್ ಅಂದರೆ ಗೋರ್ಟಿನ ಬಿಳಿಮುಳ್ಳಿನವರು. ಇದು ನಾನು ಕಟ್ಟಿದ ಮಾತಲ್ಲ, ಯಾರನ್ನು ಬೇಕಾದರೂ ಕೇಳಿ.

ನಮ್ಮ ಹೆಸರಿನ ಅರ್ಥವಾ?

...ಕರಿಮುಳ್ಳು.

ಹೌದು, ಅದೂ ಮುಳ್ಳೇ. ಆದರೆ ಬೇರೆ ಮುಳ್ಳು. ಬಿಳಿಮುಳ್ಳಿನಲ್ಲಿ ಮೊದಲು ಎಲೆ, ಆಮೇಲೆ ಹೂವು. ಕರಿಮುಳ್ಳಿನಲ್ಲಿ ಮೊದಲು ಹೂವು, ಆಮೇಲೆ ಎಲೆ. ಬಹಳ ವ್ಯತ್ಯಾಸ ಇದೆ... ನಮ್ಮನ್ನೂ ಗುಮಾಸ್ತ ಹಾಗೇ ಬರೆದಿರಬಹುದಲ್ಲ ಅಂತೀರಾ? ಬರೆದಿರಬಹುದು. ಗುಮಾಸ್ತರು ಏನು ಬೇಕಾದರೂ ಬರೀತಾರೆ, ಅವರನ್ನು ಕೇಳುವವರು ಯಾರು? ಅಪ್ಪನನ್ನು ಶಾಲೆಯಲ್ಲಿ ಡ್ರೆನನ್ ಅಂತ ಬರೆದರು. ಮುಂದೆ ಬಂದ ಮೇಷ್ಟ್ರಿಗೆ ಅದು ಸರಿಕಾಣಲಿಲ್ಲ, ಡ್ರಿನನ್ ಮಾಡಿದರು. ಚರ್ಚಿನಲ್ಲಿ ಓ ಡ್ರೈನಾನ್. ನನ್ನ ಪಿಂಚಣಿ ಪುಸ್ತಕದಲ್ಲಿ ಮಾತ್ರ... ಅದೇನು ಬಿಡಿ, ಸರ್ಕಾರದವರದ್ದು. ಪ್ರತಿ ಶುಕ್ರವಾರ ಅಂಚೆಯ ಹುಡುಗಿ ಯಾವ ಹೆಸರು ಕೂಗಿದರೂ ನಾನು ಎದ್ದು ಹೋಗ್ತೇನೆ.

ಮತ್ತೆ ಭುಜ ಕುಣಿಸ್ತಿದ್ದೀರಿ. ಬೇಡ ಅಂದೆನಲ್ಲ. ಟೋಪಿ ಸ್ವಲ್ಪ ಕೆಳಗೆ ಎಳೆದುಕೊಳ್ಳಿ, ಬಿಸಿಲಿದೆ.

ನಿಜ ಹೇಳಬೇಕೆಂದರೆ ಮನೆತನದ ಹೆಸರು ನಮಗೆ ಬೇಕೇ ಆಗುವುದಿಲ್ಲ. ಅದೆಲ್ಲ ಕಾಗದಕ್ಕೆ. ಈ ದಡದಲ್ಲಿ ನನ್ನನ್ನು ಸಬೀನಾ ಬಾರ್ಟ್ಲಿ ಮಾರ್ಟಿನ್ ಅಂತಲೇ ಕರೆಯುವುದು. ಬಾರ್ಟ್ಲಿ ಅಪ್ಪ, ಮಾರ್ಟಿನ್ ಅಜ್ಜ. ಕರೆದ ಕೂಡಲೇ ಮೂರು ತಲೆಮಾರು ಎದ್ದು ಬಂದು ಬಾಗಿಲಲ್ಲಿ ನಿಲ್ತದೆ. ನೀವು ಒಂದು ವಾರ ಥಾರ್ನ್‌ಟನ್ ಥಾರ್ನ್‌ಟನ್ ಅಂತ ಕೇಳ್ತಾ ತಿರುಗಿದರೆ ಯಾರಿಗೆ ಏನು ಗೊತ್ತಾಗಬೇಕು?

ಏನಂದಿರಿ?

ಅವರ ಕಾಗದಗಳಲ್ಲೆಲ್ಲ ಫೆಸ್ಟಸ್ ಮಾರ್ಟಿನ್ ಥಾರ್ನ್‌ಟನ್ ಅಂತ ಇದೆಯಾ? ಕುಡಿದಾಗ ಎದೆ ತಟ್ಟಿಕೊಂಡು ನಾನು ಫೆಸ್ಟಿ ಮಾರ್ಟಿನ್, ಫೆಸ್ಟಿ ಮಾರ್ಟಿನ್ ಅಂತಿದ್ದರಾ? ಅದು ಅವರಿಗೆ ಇಟ್ಟ ಎರಡನೆಯ ಹೆಸರು ಅಂತ ನೀವು ತಿಳಿದುಕೊಂಡಿರಿ. ಇಡೀ ಬಾಸ್ಟನ್ ಹಾಗೇ ತಿಳಿದುಕೊಂಡಿತು. ಅಯ್ಯೋ, ಅದು ಅವರ ಹೆಸರಲ್ಲ ಸ್ವಾಮಿ, ಅವರಪ್ಪನ ಹೆಸರು. ಮಾರ್ಟಿನ್‌ನ ಮಗ ಫೆಸ್ಟಿ ಅಂತ ಅರ್ಥ. ಅಷ್ಟೂ ವರ್ಷ ಅಪ್ಪನನ್ನು ಹೆಸರಿನಲ್ಲಿ ಹೊತ್ತುಕೊಂಡು ತಿರುಗಿದ್ದಾರೆ ಆತ, ಪಾಪ, ನಿಮಗೆ ಯಾರಿಗೂ...

ಹೌದು. ನನ್ನ ಅಜ್ಜನೂ ಮಾರ್ಟಿನ್ನೇ.

ಅದರಲ್ಲೇನಿದೆ? ಈ ದಡದಲ್ಲಿ ಕಲ್ಲಿಗಿಂತ ಮಾರ್ಟಿನ್‌ಗಳೇ ಹೆಚ್ಚು. ಸಂತ ಮಾರ್ಟಿನರಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ಮಾರ್ಟಿನ್. ಗೋರ್ಟಿನಲ್ಲಿಯೂ ಇರ್ತಾರೆ ಬೇಕಾದಷ್ಟು. ಹಾಗೆ ತಲೆ ಓರೆ ಮಾಡಿ ನನ್ನನ್ನು ನೋಡಬೇಡಿ, ಕಡಲು ನೋಡಿ.

ನಿಮಗೆ ಒಳ್ಳೆಯದಾಗಲಿ ಅಂತಲೇ ಹೇಳ್ತಿರುವುದು. ಸಂಜೆಯೊಳಗೆ ಗೋರ್ಟ್ ಮುಟ್ಟಬಹುದು. ಅಲ್ಲಿನ ಗುರುಗಳನ್ನು ಕಾಣಿ, ಸ್ಕೀಹನ್ ಮನೆಯವರು ಯಾರಾದರೂ ಸಿಕ್ಕೇ ಸಿಗ್ತಾರೆ, ಒಳ್ಳೆ ಜನ ಅಂತ ಕೇಳಿದ್ದೇನೆ. ಅವರ ಸ್ಮಶಾನ ದೊಡ್ಡದಂತೆ. ಗಾಳಿಯಿಲ್ಲ, ಮರಗಳಿವೆ, ಜಾಗಕ್ಕೆ ಕೊರತೆಯಿಲ್ಲ. ನಾನು ಈವತ್ತು ರಾತ್ರಿಯೇ ಒಂದು ಜಪಸರ ನಿಮ್ಮ ತಂದೆಯವರ ಹೆಸರಿನಲ್ಲಿ ಹೇಳ್ತೇನೆ. ಪೂರ್ತಿ ಹೇಳ್ತೇನೆ, ಅರ್ಧ ಅಲ್ಲ.

ಎದ್ದಿರಾ? ಒಳ್ಳೆಯದು. ಆ ಕಡೆಯಿಂದ ಹೋಗಿ, ಕೋಲ್ಮನ್ ಎದುರಿನಿಂದ ಬೇಡ. ರೊಟ್ಟಿ ಒಂದು ತುಂಡು ದಾರಿಗೆ ಇಟ್ಟುಕೊಳ್ಳಿ. ನನ್ನ ಕೈ ಕುಲುಕ್ತೀರಾ... ನಿಮ್ಮ ಕೈ ಬೆಚ್ಚಗಿದೆ. ದೇವರು ನಿಮ್ಮ ದಾರಿ ಕಾಯಲಿ. ನೋಡಿ, ಫಾದರ್ ಬಟ್ಟಲು ತೆಗೆದುಕೊಂಡರು. ಗೇಟಿನ ಹತ್ತಿರದ ಸಮಾಧಿಯಿಂದ ಶುರು ಮಾಡ್ತಾರೆ.

ಇನ್ನೇನು? ಕೇಳಿ.

ಅವರ ನೆನಪು ಯಾರಿಗಾದರೂ ಇರಬಹುದಾ ಅಂತ? ಗೋರ್ಟಿನಲ್ಲಾ? ನಾನು ಹೇಗೆ ಹೇಳಲಿ. ಮನೆಯ ಸುದ್ದಿ ಅವರು ಎತ್ತುತ್ತಲೇ ಇರಲಿಲ್ಲವಾ? ಒಂದೇ ಒಂದು ಸಲ... ಆಸ್ಪತ್ರೆಯಲ್ಲಿ? ಕಿಟಕಿಯ ಕಡೆಗೆ ತಿರುಗಿ ಮಲಗಿ... ಏನಂದರು?

'ಅಲ್ಲಿ ನನಗೆ ಯಾರೂ ಜಾಗ ಇಟ್ಟಿಲ್ಲ.'

ಹಾಗಂದನಾ?

ಅದು ಸುಳ್ಳು. ಹಾಗೆ ಹೇಳಬಾರದಿತ್ತು ಅವನು. ಗೊತ್ತಿಲ್ಲದೆ ಹಾಗೆಲ್ಲ ಹೇಳಬಾರದು. ಪ್ರತಿ ವರ್ಷ ಈ ಭಾನುವಾರ ಅಜ್ಜಿ ಹೊನೋರಾ ಎಲ್ಲರಿಗಿಂತ ಮೊದಲು ಬಂದು ಆ ಕಲ್ಲಿನ ಪಕ್ಕ ನಿಲ್ತಿದ್ದಳು. ವಯಸ್ಸಿನ ಕ್ರಮದಲ್ಲಿ ನಿಲ್ಲಬೇಕು ನಮ್ಮಲ್ಲಿ. ಮೊದಲು ಅವಳು. ಅವಳ ಪಕ್ಕ ಒಬ್ಬ ಗಂಡಸು ನಿಲ್ಲುವಷ್ಟು ಜಾಗ ಖಾಲಿ. ಆಮೇಲೆ ನಮ್ಮಪ್ಪ, ಆಮೇಲೆ ನಾವು. ಮಳೆ ಬಂದು ಎಲ್ಲರೂ ಒಂದೇ ಕೊಡೆಯ ಕೆಳಗೆ ಒತ್ತಿಕೊಂಡಾಗಲೂ ಆ ಜಾಗಕ್ಕೆ ಯಾರನ್ನೂ ಬಿಡ್ತಿರಲಿಲ್ಲ. ಒಂದು ಸಲ ಹೊಸದಾಗಿ ಬಂದ ಗುರುಗಳು ತಿಳಿಯದೆ ಅಲ್ಲಿ ನಿಂತು ಮಂತ್ರ ಹೇಳಲಿಕ್ಕೆ ಶುರು ಮಾಡಿದರು. ಅಜ್ಜಿ ಕೊಡೆಯ ತುದಿಯಿಂದ ಅವರ ಬೆನ್ನಿಗೆ ತಿವಿದು, ಸ್ವಲ್ಪ ಪಕ್ಕಕ್ಕೆ ಸರಿಯಿರಿ ಫಾದರ್, ಅದು ನನ್ನ ಫೆಸ್ಟಿಯ ಜಾಗ ಅಂದಳು. ಗುರುಗಳು ಸರಿದರು! ಆ ಖಾಲಿ ನೆಲಕ್ಕೂ ತೀರ್ಥ ಚಿಮುಕಿಸಿ ಮುಂದೆ ಹೋದರು. ಅಜ್ಜಿ ಹೋದ ಮೇಲೆ ಅಪ್ಪ ಆ ಜಾಗ ಬಿಟ್ಟು ನಿಂತ. ಅಪ್ಪ ಹೋದ ಮೇಲೆ ನಾನು... ನನ್ನ ಕುರ್ಚಿ ನೋಡಿ, ಕಲ್ಲಿಗೆ ತಾಗಿಸಿ ಹಾಕಿದ್ದೇನಾ? ಯಾರೂ ಜಾಗ ಇಟ್ಟಿಲ್ಲ ಅಂತಾನೆ. ಇಟ್ಟು ಇಟ್ಟು ನಮ್ಮ ಮನೆಯವರು ಬಾಗಿಹೋದರು.

...

ಏನು?

ಯಾಕೆ ಟೋಪಿ ತೆಗೆದಿರಿ?

ಹೊನೋರಾ ಯಾರು ಅಂತ ಕೇಳುವುದಿಲ್ಲವಾ? ಕೇಳಿ. ನಾನು ಏನಾದರೂ ಹೇಳ್ತೇನೆ. ಹೊನೋರಾ ಅನ್ನುವ ಹೆಸರೂ ಬಹಳ ಸಾಮಾನ್ಯ, ಗೋರ್ಟಿನಲ್ಲಿ...

ಏನಾದರೂ ಅನ್ನಿ. ಬೈಯಿರಿ. ಮುದುಕಿ, ಬಾಯಲ್ಲಿ ಪ್ರಸಾದ ಇಟ್ಟುಕೊಂಡು ನನ್ನನ್ನು ಊರಾಚೆಗೆ ಸಾಗಹಾಕ್ತಿದ್ದೆಯಾ ಅಂತ ಕೇಳಿ. ಒಂದೂ ಸುಳ್ಳು ಹೇಳಿಲ್ಲ ನಾನು, ದೇವರಾಣೆ... ಬೇಡ, ದೇವರನ್ನು ಇದಕ್ಕೆ ಎಳೆಯುವುದಿಲ್ಲ. ಅವನಿಗೆ ಎಲ್ಲ ಕೇಳಿಸಿದೆ. ನೀವಾದರೂ ಒಂದು ಮಾತಾಡಿ. ಹಾಗೆ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತರೆ ನಾನು ಏನು ಮಾಡಲಿ?

ಫೋಲನ್‌ರ ಸಮಾಧಿಯ ಹತ್ತಿರ ಬಂದರು ಫಾದರ್, ನಮ್ಮದರ ಪಕ್ಕದ್ದೇ ಅದು.

ಅಳಬೇಡಿ. ನಗುವಾಗ ಸದ್ದಿಲ್ಲ, ಅಳುವಾಗಲೂ ಸದ್ದಿಲ್ಲ, ಎಂಥ ಜನ ನೀವು. ನಮ್ಮಪ್ಪನೂ ಹೀಗೇ. ಗೇಟಿನಲ್ಲಿ ಆ ತುಕ್ಕು ಹಿಡಿದ ಚಿಲಕ ತೆಗೆಯಲಿಕ್ಕೆ ಬಾರದೆ ನೀವು ನಕ್ಕಿರಲ್ಲ, ಆಗ ನಿಮ್ಮನ್ನೇ ನೋಡ್ತಾ ನಿಂತೆ. ಅಪ್ಪ ಎದ್ದು ಬಂದ ಅಂದುಕೊಂಡೆ. ಒಂದು ನಿಮಿಷ ಸಂತೋಷ ಆಯಿತು, ನಂಬಿ. ಆಮೇಲೆ ಚೀಲ ನೋಡಿದೆ, ಒಳಗೆ ಯಾರಿರಬಹುದು ಅಂತ ಆಗಲೇ ಅನುಮಾನ ಬಂತು.

ಹೆದರಿಕೆ. ಬೇರೇನೂ ಅಲ್ಲ. ಒಬ್ಬಳೇ ಮಲಗುವ ಹೆದರಿಕೆ. ಇಷ್ಟು ವರ್ಷ ಪ್ರಾರ್ಥನೆ ಮಾಡಿದವಳಿಗೆ ಅದು ಇರಬಾರದು. ಇದೆ.

ಅಲ್ಲಿ ಬೇಡ, ಗೋಡೆಯ ಹತ್ತಿರ ಹೋಗಬೇಡ. ಎಲ್ಲಿಗೆ ಹೊರಟೆ? ಗೋರ್ಟಿಗಾ? ಗೋರ್ಟಿನಲ್ಲಿ ನಿನಗೆ ಯಾರಿದ್ದಾರೆ? ಬಾ. ಈ ಕಡೆ ಬಾ ತಮ್ಮಾ. ನಿನ್ನಪ್ಪ ನನ್ನ ದೊಡ್ಡಪ್ಪ, ನಾನು ನಿನ್ನ ಅಕ್ಕ ಆಗಬೇಕು. ಕೆಟ್ಟ ಅಕ್ಕ, ಏನು ಮಾಡ್ತೀ, ಇರುವುದು ಇವಳೊಬ್ಬಳೇ. ನನ್ನ ಕುರ್ಚಿ ಹಿಂದಕ್ಕೆ ಎಳಿ. ಅಲ್ಲ, ಅಲ್ಲಿ ನೀನು ನಿಲ್ಲಬೇಡ, ಅದು ನಿನ್ನದಲ್ಲ. ಚೀಲ ಅಲ್ಲಿಡು. ಕಲ್ಲಿನ ಪಕ್ಕ, ಆ ಖಾಲಿ ನೆಲದ ಮೇಲೆ. ಮೆಲ್ಲಗೆ. ಬೂದಿಯ ಪೆಟ್ಟಿಗೆ ಹೊರಗೆ ತೆಗಿ, ಮುಖಕ್ಕೆ ಗಾಳಿ ತಾಗಲಿ ಅವನಿಗೆ. ಆಯಿತಾ? ಈಗ ನಾನು. ನನ್ನ ಪಕ್ಕ ನೀನು. ವಯಸ್ಸಿನ ಕ್ರಮ.

ಕೋಲ್ಮನ್ ಬಾಯಿ ತೆರೆದುಕೊಂಡು ನಿಂತಿದ್ದಾನೆ. ನಿಲ್ಲಲಿ. ನಾಳೆ ಅವನಿಗೆ ನಾನೇ ಹೇಳ್ತೇನೆ, ಕಾಂಕ್ರೀಟು ಕಲಸಿಕೊಂಡು ಬಾ, ನಮ್ಮ ಮನೆಯ ಕೊನೆಯವನು ಬಂದ ಅಂತ. ಅಮ್ಮನ ಎಡಗಡೆ... ಇಲ್ಲ, ನೀನು ಏನೂ ಹೇಳಬೇಡ. ಬೇಡ ಅಂತ ತಲೆ ಆಡಿಸಬೇಡ. ನಾನು ಯೋಚನೆ ಮಾಡಿಯೇ ಹೇಳ್ತಿರುವುದು, ಹೆದರಿಕೆ ಹೋಗಿ ಅಂತಲ್ಲ. ಅದು ಇನ್ನೂ ಇಲ್ಲೇ ಇದೆ. ಆದರೆ ಅಜ್ಜಿ ಅಷ್ಟು ವರ್ಷ ಮಳೆಯಲ್ಲಿ ನೆನೆದುಕೊಂಡು ಜಾಗ ಬಿಟ್ಟು ನಿಂತದ್ದು ನನಗಾಗಿ ಅಲ್ಲ.

ತಲೆ ಬಗ್ಗಿಸು, ಬಂದರು.

ಹೌದು ಫಾದರ್. ನಮ್ಮ ಮನೆಯವರೇ. ಇವನು ತಮ್ಮ. ಆ ಪೆಟ್ಟಿಗೆ ದೊಡ್ಡಪ್ಪ ಫೆಸ್ಟಿ ಮಾರ್ಟಿನ್, ಹಡಗು ತಪ್ಪಿ ಸ್ವಲ್ಪ ತಡವಾಯಿತು ಅವನಿಗೆ. ಅವನ ಮೇಲೆ ಒಂದು ಕೈ ಹೆಚ್ಚು ಚಿಮುಕಿಸಿ.

ಮುಖ ಒರೆಸಿಕೊಳ್ಳಬೇಡ ತಮ್ಮಾ, ತೀರ್ಥ ಅದಾಗಿಯೇ ಆರಬೇಕು. ನಾನು ಹೇಳಿದ ಹಾಗೆ ಮನಸ್ಸಿನಲ್ಲಿ ಹೇಳಿಕೋ. ಈ ಮಾತು ಕೇಳಿಸಿಕೊಂಡವರೆಲ್ಲರ ಮೇಲೆ, ನಿಂತು ಕೇಳಿದವರ ಮೇಲೂ ಮಲಗಿ ಕೇಳಿದವರ ಮೇಲೂ, ದೇವರ ದಯೆ ಈ ನೀರಿನ ಹಾಗೆ ಬೀಳಲಿ. ದೂರ ಹೋದವರು ಯಾವ ಹೆಸರಿನಲ್ಲಿ ತಿರುಗಿ ಬಂದರೂ ಅವನು ಗುರುತು ಹಿಡಿಯಲಿ. ಒಬ್ಬೊಬ್ಬರಿಗೂ ಅವರವರ ಮನೆಯವರು ಒಂದಿಷ್ಟು ಜಾಗ ಬಿಟ್ಟು ನಿಂತಿರಲಿ. ಆಮೆನ್.